ಬದುಕಿಸಿದ ಕೂಸಿನ ಉಸಿರಿಗೆ ಮನೆಯಲ್ಲೂ ಆಸರೆ ಕೊಡಿ: ವಿಜಯಪುರ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಹಾಗೂ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ವಿಜಯಪುರ.

ವಿಷಯ: ಅವಧಿಪೂರ್ವ ಹಾಗೂ ತೀವ್ರ ಅಸ್ವಸ್ಥ ನವಜಾತ ಶಿಶುಗಳಲ್ಲಿ ಉಳಿದುಕೊಳ್ಳುವ ದೀರ್ಘಕಾಲೀನ ಶ್ವಾಸಕೋಶ ಕಾಯಿಲೆಗೆ ಮನೆಯಲ್ಲಿ ಆಮ್ಲಜನಕ ಮತ್ತು ಎರಡು ವರ್ಷಗಳ ನಿಗಾ ವ್ಯವಸ್ಥೆ ಕೋರಿ.

ಮಾನ್ಯರೇ,

ನವಜಾತ ಶಿಶುಗಳ ತೀವ್ರ ನಿಗಾ ವಿಭಾಗಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು ನಾನು. ಅವಧಿಗೆ ಬಹಳ ಮುಂಚೆ ಹುಟ್ಟಿದ ಕೂಸುಗಳನ್ನು ಬದುಕಿಸುವ ಕೆಲಸ ನಮ್ಮ ಭಾಗದಲ್ಲಿ ಎಷ್ಟು ಸುಧಾರಿಸಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಒಂದು ಕಿಲೋ ತೂಕದ ಕೂಸನ್ನು ಕಂಡರೆ ಕೈಚೆಲ್ಲುತ್ತಿದ್ದ ಕಡೆಗಳಲ್ಲೇ ಇಂದು ಅಂಥ ಕೂಸುಗಳು ಬದುಕಿ ಮನೆಗೆ ಹೋಗುತ್ತಿವೆ. ಆದರೆ ಹಾಗೆ ಹೋಗುವ ಕೂಸುಗಳಲ್ಲಿ ಒಂದು ಪಾಲು ಇನ್ನೂ ಪೂರ್ತಿ ಬಲಿಯದ, ಚಿಕಿತ್ಸೆಯ ನಡುವೆಯೇ ಗಾಯಗೊಂಡ ಶ್ವಾಸಕೋಶವನ್ನು ಹೊತ್ತುಕೊಂಡು ಹೋಗುತ್ತವೆ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಆ ಶ್ವಾಸಕೋಶದ ಹೊಣೆ ಯಾರದೆಂದು ಹೇಳುವವರಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಈ ಕೂಸುಗಳಿಗೆ ಎರಡು ವರ್ಷ ತುಂಬುವವರೆಗೆ ಅವುಗಳ ಉಸಿರಿನ ಹೊಣೆಯನ್ನು ಜಿಲ್ಲೆ ಹೊರಬೇಕು.

ಈ ಕಾಯಿಲೆಗೆ ವೈದ್ಯರು ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ವಾರ್ಡಿನಲ್ಲಿ ನಾವು ಚಿಕ್ಕದಾಗಿ ಬಿಪಿಡಿ ಎನ್ನುತ್ತೇವೆ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಿಲಿಯಂ ನಾರ್ತ್‌ವೇ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಮೊದಲು ವಿವರಿಸಿದಾಗ, ಹೆಚ್ಚಿನ ಒತ್ತಡದ ವೆಂಟಿಲೇಟರ್ ಮತ್ತು ಹೆಚ್ಚಿನ ಆಮ್ಲಜನಕದಿಂದ ಕೂಸುಗಳ ಶ್ವಾಸನಾಳಗಳಲ್ಲಿ ಆದ ಗಾಯವೇ ಮುಖ್ಯವಾಗಿ ಕಾಣುತ್ತಿತ್ತು. ಈಗ ಬದುಕುಳಿಯುವ ಕೂಸುಗಳು ಅಂದಿಗಿಂತ ಹೆಚ್ಚು ಎಳೆಯವಾದ್ದರಿಂದ ಕಾಯಿಲೆಯ ರೂಪವೂ ಬದಲಾಗಿದೆ. ಇಪ್ಪತ್ತಾರು, ಇಪ್ಪತ್ತೆಂಟು ವಾರಕ್ಕೆ ಹುಟ್ಟಿದ ಕೂಸಿನಲ್ಲಿ ಗಾಳಿಗೂಡುಗಳು ಇನ್ನೂ ರೂಪುಗೊಂಡೇ ಇರುವುದಿಲ್ಲ. ಹೊರಗಿನ ಗಾಳಿ, ಯಂತ್ರದ ಒತ್ತಡ, ಆಮ್ಲಜನಕ, ಸೋಂಕು, ಅಪೌಷ್ಟಿಕತೆ ಎಲ್ಲವೂ ಸೇರಿ ಆ ಬೆಳವಣಿಗೆಯನ್ನು ಅರ್ಧದಲ್ಲೇ ತಡೆಯುತ್ತವೆ. ಗೂಡುಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ದೊಡ್ಡದಾಗಿ ಉಳಿದುಬಿಡುತ್ತವೆ. ಹುಟ್ಟಿ 28 ದಿನವಾದರೂ ಆಮ್ಲಜನಕ ಬಿಡಲಾಗದ ಕೂಸಿಗೆ ಈ ಕಾಯಿಲೆ ಇದೆ ಎಂದು ತಿಳಿದು, ಗರ್ಭದ ಲೆಕ್ಕದಲ್ಲಿ 36 ವಾರ ತುಂಬಿದಾಗ ಅದಕ್ಕೆ ಇನ್ನೂ ಎಷ್ಟು ಆಸರೆ ಬೇಕು ಎಂಬುದನ್ನು ನೋಡಿ ತೀವ್ರತೆಯನ್ನು ನಿರ್ಧರಿಸುವುದು ರೂಢಿ. ದಿನ ತುಂಬಿ ಹುಟ್ಟಿದರೂ, ಗರ್ಭದಲ್ಲೇ ಮಾಡಿದ ಮಲ ಶ್ವಾಸಕೋಶಕ್ಕೆ ಹೋಗಿಯೋ ತೀವ್ರ ನ್ಯುಮೋನಿಯಾದಿಂದಲೋ ದೀರ್ಘಕಾಲ ವೆಂಟಿಲೇಟರಿನಲ್ಲಿದ್ದ ಕೂಸುಗಳಿಗೂ ಇಂಥದೇ ತೊಂದರೆ ಉಳಿಯಬಹುದು.

ಇದರಲ್ಲಿ ಭರವಸೆಯ ಸಂಗತಿಯೊಂದಿದೆ. ನನ್ನ ಬೇಡಿಕೆ ನಿಂತಿರುವುದೂ ಅದರ ಮೇಲೆಯೇ. ಮನುಷ್ಯನ ಗಾಳಿಗೂಡುಗಳಲ್ಲಿ ಹೆಚ್ಚಿನವು ಹುಟ್ಟಿದ ಮೇಲೆ, ಮೊದಲ ಎರಡು ಮೂರು ವರ್ಷಗಳಲ್ಲಿ ಮೂಡುತ್ತವೆ. ಆ ಅವಧಿಯಲ್ಲಿ ಕೂಸಿಗೆ ಸಾಕಷ್ಟು ಆಮ್ಲಜನಕ, ಸಾಕಷ್ಟು ಹಾಲು, ಹೊಗೆಯಿಲ್ಲದ ಗಾಳಿ ಸಿಕ್ಕಿ, ಮೇಲಿಂದ ಮೇಲೆ ಸೋಂಕು ತಗಲದಂತೆ ನೋಡಿಕೊಂಡರೆ ಗಾಯಗೊಂಡ ಶ್ವಾಸಕೋಶವೂ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಸಿಗದಿದ್ದರೆ ಕೂಸಿನ ತೂಕ ಏರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಹೃದಯದ ಬಲಭಾಗ ದಣಿಯುತ್ತದೆ. ಸಣ್ಣ ನೆಗಡಿಯೂ ನ್ಯುಮೋನಿಯಾಕ್ಕೆ ತಿರುಗುತ್ತದೆ. ನೂರಾರು ಗಂಟೆಗಳ ದುಡಿಮೆಯಿಂದ ಉಳಿಸಿದ ಕೂಸನ್ನು ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ ಹೀಗೆ ಕಳೆದುಕೊಳ್ಳುವುದನ್ನು ವಾರ್ಡಿನಲ್ಲಿ ಕಂಡವರಾರೂ ಮರೆಯಲಾರರು.

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಶಿಶುಗಳು ಅವಧಿಗೆ ಮುನ್ನ ಹುಟ್ಟಿದವೆಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಜಗತ್ತಿನ ಯಾವ ದೇಶದಲ್ಲೂ ಇಷ್ಟು ಸಂಖ್ಯೆ ಇಲ್ಲ. ಅವುಗಳಲ್ಲಿ ಬಿಪಿಡಿಯ ಅಪಾಯವಿರುವ ತೀರಾ ಎಳೆಯ ಕೂಸುಗಳ ಪಾಲು ಚಿಕ್ಕದೇ. ಆದರೆ ಚಿಕಿತ್ಸೆ ಸುಧಾರಿಸಿದಷ್ಟೂ ಅಂಥವು ಹೆಚ್ಚು ಬದುಕುತ್ತವೆ, ಬದುಕಿದಷ್ಟೂ ಈ ಕಾಯಿಲೆ ಹೆಚ್ಚು ಕಾಣುತ್ತದೆ. ಇದು ನಮ್ಮ ಯಶಸ್ಸಿನ ಹಿಂದೆಯೇ ಬಂದಿರುವ ಕಾಯಿಲೆಯಾದ್ದರಿಂದ ಇದರ ಜವಾಬ್ದಾರಿಯೂ ನಮ್ಮದೇ.

ಇಂಡಿ ತಾಲ್ಲೂಕಿನ ತಾಂಡಾ ಒಂದರ ದಂಪತಿಯ ಕೂಸಿನ ವಿಷಯವನ್ನು ಗುರುತು ಬಿಟ್ಟುಕೊಡದೆ ಹೇಳುತ್ತೇನೆ. ಕಬ್ಬು ಕಟಾವಿನ ಗ್ಯಾಂಗಿನೊಂದಿಗೆ ಮಹಾರಾಷ್ಟ್ರಕ್ಕೆ ಗುಳೆ ಹೋಗಿದ್ದಾಗ ಆ ತಾಯಿಗೆ ಏಳನೆಯ ತಿಂಗಳಲ್ಲೇ ಹೆರಿಗೆಯಾಗಿತ್ತು. ಕೂಸು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿ, ಕೊನೆಗೆ ನಾನಿದ್ದ ಕಡೆ ಬಂದು, ಉಳಿದುಕೊಂಡಿತು. ಮನೆಗೆ ಕಳುಹಿಸುವ ಮುನ್ನ ನೋಡಿದರೆ ಎಚ್ಚರವಿದ್ದಾಗ ರಕ್ತದ ಆಮ್ಲಜನಕದ ಮಟ್ಟ ಶೇಕಡಾ 94 ಇರುತ್ತಿತ್ತು. ಅಷ್ಟು ಸಾಕೆಂದು ಎಲ್ಲರೂ ಅಂದುಕೊಂಡಿದ್ದೆವು. ತಾಯಿ ಮಾತ್ರ, ‘ಸಿಸ್ಟರ್, ಹಾಲ ಕುಡಿಯುವಾಗ ಇದರ ತುಟಿ ಕಪ್ಪ ಆಗ್ತಾವ್ರಿ’ ಎಂದಳು. ಪಾದಕ್ಕೆ ಆ ಮಟ್ಟ ಅಳೆಯುವ ಪ್ರೋಬ್ ಸುತ್ತಿಯೇ ಎದೆಗೆ ಹಾಕಿಸಿದೆವು. ಕೂಸು ಚೀಪತೊಡಗಿದ ಸ್ವಲ್ಪ ಹೊತ್ತಿನಲ್ಲೇ ಮೂಗಿನ ಹೊಳ್ಳೆಗಳು ಅರಳಿದವು, ಪಕ್ಕೆ ಒಳಕ್ಕೆ ಸೆಳೆಯತೊಡಗಿದವು, ಅಂಕಿ 90ರಿಂದ ಕೆಳಗಿಳಿದು 84ಕ್ಕೆ ಬಂದು ನಿಂತಿತು. ಮೊಲೆ ಬಿಟ್ಟು ಉಸಿರು ತೆಗೆದುಕೊಂಡ ಮೇಲೆ ಮತ್ತೆ ನಿಧಾನಕ್ಕೆ ಏರಿತು. ನಿದ್ದೆಯಲ್ಲೂ ಹಾಗೆಯೇ ಇಳಿಯುತ್ತಿತ್ತು. ಆ ತಾಯಿ ಹೇಳದಿದ್ದರೆ ಕೂಸು ಆ ದಿನವೇ ಮನೆಗೆ ಹೋಗಿರುತ್ತಿತ್ತು.

ಅದಕ್ಕೆ ಬೇಕಾಗಿದ್ದುದು ನಿಮಿಷಕ್ಕೆ ಕಾಲು ಲೀಟರ್ ಆಮ್ಲಜನಕ ಮಾತ್ರ. ಅಷ್ಟಕ್ಕಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ವಾರ್ಡಿನಲ್ಲಿ ಉಳಿದಷ್ಟು ದಿನ ಸೋಂಕಿನ ಭಯ. ಮನೆಯಲ್ಲಿ ಆಮ್ಲಜನಕ ಕೊಡುವುದೇ ದಾರಿ. ತಂದೆ ಬಾಡಿಗೆಗೆ ಸಿಲಿಂಡರ್ ತಂದ. ಅದರ ಮೀಟರಿನಲ್ಲಿ ಗೀಟುಗಳು ಶುರುವಾಗುತ್ತಿದ್ದುದೇ 1 ಲೀಟರಿನಿಂದ. ಒಳಗಿನ ಪುಟ್ಟ ಗುಂಡು 1ರ ಗೀಟಿಗಿಂತ ಕೆಳಗೆ ಎಲ್ಲೋ ಕುಣಿಯುತ್ತಿತ್ತು. ಅದು ಕಾಲು ಲೀಟರೋ ಮುಕ್ಕಾಲು ಲೀಟರೋ ಎಂದು ಹೇಳಲು ನನಗೂ ಆಗಲಿಲ್ಲ. ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕ ಇರುತ್ತದೆ. ಕಾಲು ಲೀಟರಿನಂತೆ ಹರಿದರೆ 100 ಗಂಟೆ, ಅಂದರೆ ನಾಲ್ಕು ದಿನಕ್ಕೂ ತುಸು ಹೆಚ್ಚು ಬರುತ್ತದೆ. 1 ಲೀಟರಿಗೆ ತಿರುಗಿಸಿದರೆ ಒಂದೇ ದಿನಕ್ಕೆ ಖಾಲಿ. ಸಣ್ಣ ಹರಿವನ್ನು ತೋರಿಸುವ ಶಿಶು ಫ್ಲೋಮೀಟರ್ ಎಂಬ ಪುಟ್ಟ ಸಾಧನವೊಂದು ಇಲ್ಲದ್ದರಿಂದ ಒಂದು ಬಡ ಕುಟುಂಬ ನಾಲ್ಕು ಪಟ್ಟು ಸಿಲಿಂಡರ್ ಹೊತ್ತು ತರಬೇಕಾಗುತ್ತದೆ. ಕೂಸಿಗೂ ಬೇಕಾದುದಕ್ಕಿಂತ ಹೆಚ್ಚು ಆಮ್ಲಜನಕ ಹೋಗುತ್ತದೆ, ಅದೂ ಹಾನಿಯೇ.

ಮಾನ್ಯರೇ, ಇದಕ್ಕೆ ಬೇಕಾದ ಯಂತ್ರಗಳು ಹೊಸದಾಗಿ ಆಕಾಶದಿಂದ ಇಳಿಯಬೇಕಾಗಿಲ್ಲ. 2021ರ ಕೋವಿಡ್ ಎರಡನೆಯ ಅಲೆಯ ಹೊತ್ತಿಗೆ ಪಿಎಂ ಕೇರ್ಸ್ ನಿಧಿಯಿಂದಲೇ ದೇಶಕ್ಕೆ 1 ಲಕ್ಷ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳ, ಅಂದರೆ ಸುತ್ತಲಿನ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಕೊಡುವ ವಿದ್ಯುತ್ ಯಂತ್ರಗಳ, ಖರೀದಿಗೆ ಮಂಜೂರಾತಿ ಸಿಕ್ಕಿತು. ದಾನಿಗಳು, ಕಂಪನಿಗಳು, ಮಠಗಳು ಕೊಟ್ಟವು ಬೇರೆ. ಅವು ಈಗ ಎಲ್ಲಿ ಎಷ್ಟಿವೆ, ಎಷ್ಟು ಕೆಲಸ ಮಾಡುತ್ತಿವೆ ಎಂದು ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆ, ಸಮುದಾಯ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಪಟ್ಟಿ ತರಿಸಿಕೊಳ್ಳಬೇಕು. ಗಾಳಿ ಸೋಸುವ ಫಿಲ್ಟರ್ ಬದಲಿಸಿ, ಆಮ್ಲಜನಕದ ಸಾಂದ್ರತೆ ಅಳೆದು, ಸುಸ್ಥಿತಿಯಲ್ಲಿರುವ ಕೆಲವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಒಂದೆಡೆ ಇಟ್ಟು, ಶಿಶು ಫ್ಲೋಮೀಟರ್ ಜೋಡಿಸಿ, ವೈದ್ಯರ ಚೀಟಿಯ ಮೇಲೆ ಮನೆಗೆ ಎರವಲು ಕೊಡುವ ವ್ಯವಸ್ಥೆ ಮಾಡಬೇಕು. ಕೂಸು ಆಮ್ಲಜನಕ ಬಿಟ್ಟ ಮೇಲೆ ಯಂತ್ರ ಮರಳಿ ಬಂದು ಮುಂದಿನ ಕೂಸಿಗೆ ಹೋಗಲಿ.

ಯಂತ್ರ ಕೊಟ್ಟರಷ್ಟೇ ಸಾಲದು. ನಿಮಿಷಕ್ಕೆ 5 ಲೀಟರ್ ಕೊಡುವ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ವಿದ್ಯುತ್ ಬಳಸುತ್ತದೆ. ದಿನವಿಡೀ ಓಡಿದರೆ 8 ಯುನಿಟ್ ದಾಟುತ್ತದೆ, ತಿಂಗಳಿಗೆ 250 ಯುನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯ ಮಿತಿ 200 ಯುನಿಟ್. ಅದನ್ನು ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಅಂದರೆ ಎರಡು ಬಲ್ಬು ಒಂದು ಫ್ಯಾನಿನ ಮನೆಯವರು, ಕೂಸಿಗೆ ಉಸಿರು ಕೊಟ್ಟ ಒಂದೇ ಕಾರಣಕ್ಕೆ, ಎಂದೂ ಕಾಣದ ಬಿಲ್ಲನ್ನು ಕಾಣುತ್ತಾರೆ, ಮತ್ತು ರಾತ್ರಿ ಯಂತ್ರವನ್ನು ಆರಿಸಿಡುತ್ತಾರೆ. ನಿದ್ದೆಯಲ್ಲೇ ಆಮ್ಲಜನಕ ಹೆಚ್ಚು ಇಳಿಯುವುದರಿಂದ ರಾತ್ರಿ ಆರಿಸುವುದು ಅಪಾಯಕರ. ವೈದ್ಯರು ಪ್ರಮಾಣೀಕರಿಸಿದ ಇಂಥ ಮನೆಗಳಿಗೆ ವಿನಾಯಿತಿ ಕೊಡುವಂತೆ ಜಿಲ್ಲಾಧಿಕಾರಿಗಳು ಸರಕಾರಕ್ಕೂ ಹೆಸ್ಕಾಂಗೂ ಬರೆಯಬೇಕೆಂದು ಕೈಮುಗಿದು ಕೇಳುತ್ತೇನೆ. ಕರೆಂಟು ಹೋದಾಗಿನ ಆಪತ್ತಿಗೆ ಪ್ರತಿ ಮನೆಗೂ ಒಂದು ತುಂಬಿದ ಸಣ್ಣ ಸಿಲಿಂಡರ್ ಬೇಕೇ ಬೇಕು.

ಇಷ್ಟೆಲ್ಲ ನಮ್ಮಿಂದ ಆಗುವುದೇ ಎಂದು ಯಾರಾದರೂ ಕೇಳಿದರೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಅಳತೆ ಮೀರಿದ ಆಮ್ಲಜನಕದಿಂದ ಆಗುವ ಇನ್ನೊಂದು ಹಾನಿ ಕಣ್ಣಿನ ರೆಟಿನಾಕ್ಕೆ. ಅದನ್ನು ಆರ್‌ಒಪಿ ಎನ್ನುತ್ತಾರೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ಆರಂಭಿಸಿದ ಕಿಡ್ರಾಪ್ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಗ್ರಾಮೀಣ ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆದು, ದೂರದಲ್ಲಿ ಕೂತ ತಜ್ಞರು ಅದನ್ನು ನೋಡಿ ಸಲಹೆ ಕೊಡುವ ಪದ್ಧತಿ ಬೆಳೆಯಿತು. ಸರಕಾರವೂ ಅದಕ್ಕೆ ಕೈಜೋಡಿಸಿತು. ಇದರಿಂದ ಎಷ್ಟೋ ಮಕ್ಕಳ ದೃಷ್ಟಿ ಉಳಿಯಿತು. ಮಕ್ಕಳ ಕಾಯಿಲೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕಾಯಿಲೆಗಳ ಪಟ್ಟಿಯಲ್ಲಿ ಆರ್‌ಒಪಿ ಸೇರಿದೆ, ಬಿಪಿಡಿ ಸೇರಿಲ್ಲ. ಅದೇ ಕೂಸು, ಅದೇ ಆಮ್ಲಜನಕ. ಕಣ್ಣಿಗೆ ಒಂದು ದಾರಿ ಸಿದ್ಧವಾಗಿದೆ, ಶ್ವಾಸಕೋಶಕ್ಕೆ ಆಗಿಲ್ಲ. ಪಟ್ಟಿ ಬದಲಾಗಲು ದಿಲ್ಲಿಯ ಒಪ್ಪಿಗೆ ಬೇಕು, ನಿಜ. ಆದರೆ ಅದೇ ಕಾರ್ಯಕ್ರಮದಡಿ ಮಕ್ಕಳನ್ನು ತಪಾಸಿಸುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಾರಕ್ಕೊಂದು ನಿಗದಿತ ದಿನ ಈ ಕೂಸುಗಳನ್ನು ಕರೆಸಿ ತೂಕ, ಉಸಿರಾಟ ಮತ್ತು ಹಾಲು ಕುಡಿಯುವಾಗಿನ ಆಮ್ಲಜನಕದ ಮಟ್ಟ ನೋಡುವುದಕ್ಕೆ, ಅಗತ್ಯವಿದ್ದವರಿಗೆ ಹೃದಯದ ಎಕೋ ಮಾಡಿಸುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಆಮ್ಲಜನಕವನ್ನು ಯಾವಾಗ ತಗ್ಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಇಲ್ಲದಿದ್ದರೆ ಮನೆಯವರು ತಮಗೆ ತೋಚಿದಂತೆ ನಿಲ್ಲಿಸುತ್ತಾರೆ.

ಮನೆಯ ಗಾಳಿಯ ವಿಷಯ ಇನ್ನೂ ಕಷ್ಟದ್ದು, ಏಕೆಂದರೆ ಅಲ್ಲಿ ಹಾನಿ ಮಾಡುವುದು ಪ್ರೀತಿಯೇ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುತ್ತಾರೆ. ಕೂಸಿಗೆ ಎಣ್ಣೆ ತಿಕ್ಕಿ ಎರೆದ ಮೇಲೆ ಲೋಬಾನದ ಹೊಗೆ ಹಿಡಿಸುತ್ತಾರೆ. ಮೂಗು ಕಟ್ಟಿದರೆ ಎಣ್ಣೆಯ ಹನಿ ಬಿಡುತ್ತಾರೆ. ಅಜ್ಜಿಯಂದಿರು ಇದನ್ನೆಲ್ಲ ಮಾಡುವುದು ಕೂಸು ಬೆಚ್ಚಗಿರಲಿ, ಗಟ್ಟಿಯಾಗಲಿ ಎಂದೇ. ಆದರೆ ಗಾಳಿಗೂಡುಗಳೇ ಕಡಿಮೆ ಇರುವ ಕೂಸಿಗೆ ಆ ಹೊಗೆ ನೇರ ಪೆಟ್ಟು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬೇರೊಂದು ಬಗೆಯ ನ್ಯುಮೋನಿಯಾ ತರುತ್ತದೆ. ಆಮ್ಲಜನಕ ಹರಿಯುತ್ತಿರುವ ಕೋಣೆಯಲ್ಲಿ ಕೆಂಡವೋ ದೀಪವೋ ಬೀಡಿಯೋ ಇದ್ದರೆ ಮನೆಗೇ ಬೆಂಕಿ ಹತ್ತುವ ಅಪಾಯ ಬೇರೆ. ಉಸಿರು ಸಿಗದ ಕೂಸಿಗೆ ಬರೆ ಹಾಕಿಸಿಕೊಂಡು ಬಂದುದನ್ನೂ ನೋಡಿದ್ದೇನೆ. ಆ ಗಾಯದ ಮೇಲೆ ಪಕ್ಕೆ ಸೆಳೆಯುತ್ತಿದ್ದುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಬೈದರೆ ಅಜ್ಜಿಯರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹೊಗೆಯ ಬದಲು ಏನು ಮಾಡಬೇಕು ಎಂದು ತೋರಿಸಿದರೆ ಕೇಳುತ್ತಾರೆ. ಬೆಚ್ಚಗಿಡಬೇಕಾದರೆ ಕೂಸನ್ನು ಬರಿ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಅಜ್ಜಿಯರಿಂದಲೇ ಮಾಡಿಸಿದ ಮನೆಗಳಲ್ಲಿ ಕೆಂಡದ ಮಾತೇ ಬರಲಿಲ್ಲ.

ಮನೆಯೊಳಗಿನ ಹೊಗೆಯ ಜೊತೆ ಹೊಲದ ಹೊಗೆಯೂ ಇದೆ. ಕಟಾವಾದ ಮೇಲೆ ಕಬ್ಬಿನ ರವದಿಗೆ ಬೆಂಕಿ ಹಚ್ಚುವ ತಿಂಗಳುಗಳೂ ನೆಗಡಿ ಕೆಮ್ಮಿನ ವೈರಸ್‌ಗಳು ಹರಡುವ ಚಳಿಗಾಲವೂ ಹೆಚ್ಚುಕಡಿಮೆ ಕೂಡಿಯೇ ಬರುತ್ತವೆ. ರವದಿ ಸುಡದಂತೆ ಕೃಷಿ ಇಲಾಖೆ ಮಣ್ಣಿನ ಫಲವತ್ತತೆಯ ಕಾರಣ ಹೇಳಿ ತಿಳಿಹೇಳುತ್ತದೆ. ಕೂಸುಗಳ ಕಾರಣವನ್ನೂ ಅದರ ಜೊತೆ ಹೇಳಿದರೆ ನಮ್ಮ ರೈತರ ಮನಸ್ಸಿಗೆ ನಾಟುತ್ತದೆಂದು ನನ್ನ ನಂಬಿಕೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲಕ್ಕೆ ಇಂಥ ಕೂಸನ್ನು ಎತ್ತಿಕೊಂಡು ಹೋಗಬೇಡಿ, ತೊಟ್ಟಿಲು ಕಾರ್ಯವನ್ನು ಸ್ವಲ್ಪ ಮುಂದೂಡಿ ಎಂದು ಆಶಾ ಕಾರ್ಯಕರ್ತೆಯರು ಹೇಳಬೇಕು.

ಆಶಾ ಕಾರ್ಯಕರ್ತೆಯರು ಈಗಾಗಲೇ ಹೆರಿಗೆಯಾದ ಮನೆಗೆ 42 ದಿನಗಳವರೆಗೆ, ಆಮೇಲೆ 15 ತಿಂಗಳವರೆಗೆ ನಿಗದಿತ ದಿನಗಳಲ್ಲಿ ಭೇಟಿ ಕೊಡುತ್ತಾರೆ. ಅವರ ಮೇಲೆ ಇನ್ನೂ ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ಕೋವಿಡ್ ಕಾಲದಲ್ಲಿ ಬಳಕೆಗೆ ಬಂದ ಬೆರಳಿನ ಆಕ್ಸಿಮೀಟರ್ ದೊಡ್ಡವರದ್ದು. ಕೂಸಿನ ಬೆರಳಿಗೆ ಅದು ನಿಲ್ಲುವುದಿಲ್ಲ, ನಿಂತರೂ ತಪ್ಪು ಅಂಕಿ ತೋರಿಸುತ್ತದೆ. ಪಾದಕ್ಕೆ ಸುತ್ತುವ ಪ್ರೋಬ್ ಇರುವ ಒಂದು ಯಂತ್ರ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದರೆ ಸಾಕು. ಲಸಿಕೆಯ ವಿಷಯದಲ್ಲೂ ಒಂದು ಮಾತು: ಕೂಸು ಸಣ್ಣದಿದೆ, ಇನ್ನೂ ಬಲಿಯಲಿ ಎಂದು ಲಸಿಕೆ ಮುಂದೂಡುವುದು ಸಾಮಾನ್ಯವಾಗಿದೆ. ಸ್ಥಿತಿ ಸ್ಥಿರವಾಗಿರುವ ಅವಧಿಪೂರ್ವ ಕೂಸಿಗೂ ಪೆಂಟಾವೇಲೆಂಟ್, ನ್ಯುಮೋಕಾಕಲ್ ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ವಾರ ಎಣಿಸಿ ಹಾಕಬೇಕು. ಸೋಂಕಿನ ಅಪಾಯ ಹೆಚ್ಚು ಇರುವುದು ಅಂಥ ಕೂಸಿಗೇ.

ಇನ್ನು ಕಾಯಿಲೆ ಬಾರದಂತೆ ತಡೆಯುವ ಮಾತು. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಕಂಡಾಗ ತಾಯಿಗೆ ಕೊಡುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೂಸಿನ ಉಸಿರಾಟದ ತೊಂದರೆಯನ್ನೂ ಸಾವನ್ನೂ ತಗ್ಗಿಸುತ್ತದೆ. 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಇದನ್ನು ನಮ್ಮಂಥ ದೇಶಗಳ ಆಸ್ಪತ್ರೆಗಳಲ್ಲೇ ತೋರಿಸಿಕೊಟ್ಟಿತು, ಮತ್ತು ಆ ಅಧ್ಯಯನ ನಡೆದ ಊರುಗಳಲ್ಲಿ ನಮ್ಮ ನೆರೆಯ ಬೆಳಗಾವಿಯೂ ಒಂದು. ಆದರೆ ಗರ್ಭದ ವಾರ ಸರಿಯಾಗಿ ಗೊತ್ತಿರಬೇಕು. ಗುಳೆ ಹೋಗುವ ಹೆಣ್ಣುಮಕ್ಕಳ ತಾಯಿ ಕಾರ್ಡಿನಲ್ಲಿ ಆ ಕಾಲಂ ಖಾಲಿಯಿರುತ್ತದೆ. ಅವರು ಹೊರಡುವ ಮುನ್ನವೇ ಸ್ಕ್ಯಾನಿಂಗ್ ಮುಗಿಸಬೇಕು. ಕೂಸು ಹುಟ್ಟಿದ ಮೇಲೆ ಸಾಧ್ಯವಿದ್ದಷ್ಟೂ ವೆಂಟಿಲೇಟರಿನ ಬದಲು ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಕೊಡುವ ಬಬಲ್ ಸಿಪ್ಯಾಪ್, ಸಕಾಲಕ್ಕೆ ಗಾಳಿಗೂಡು ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್ ಮತ್ತು ಉಸಿರಾಟಕ್ಕೆ ಚುರುಕು ಕೊಡುವ ಕೆಫೀನ್, ತಾಯಿಯ ಹಾಲು, ತೊಳೆದ ಕೈ ಇವೇ ಮದ್ದು. ಇವೆಲ್ಲ ಬಲ್ಲವರಿಗೆ ಗೊತ್ತಿರುವುದೇ. ನಾನು ಒತ್ತಿ ಹೇಳಬೇಕಾದುದು ಬ್ಲೆಂಡರ್ ಬಗ್ಗೆ. ಗಾಳಿ ಮತ್ತು ಆಮ್ಲಜನಕವನ್ನು ಅಳತೆ ಮಾಡಿ ಬೆರೆಸುವ ಆ ಉಪಕರಣ ಇಲ್ಲದ ಕಡೆ ಕೂಸಿಗೆ 100 ಶೇಕಡಾ ಆಮ್ಲಜನಕವೇ ಹೋಗುತ್ತದೆ. ಮಟ್ಟ 91ರಿಂದ 95ರ ನಡುವೆ ಇರಬೇಕಾದ ಎಳೆಯ ಕೂಸಿನ ಮಾನಿಟರಿನಲ್ಲಿ 100 ಕಂಡರೆ ಮನೆಯವರೂ, ಕೆಲವೊಮ್ಮೆ ನಮ್ಮವರೂ, ಸಮಾಧಾನಪಡುತ್ತಾರೆ. ಹೆರಿಗೆ ಕೋಣೆಯಲ್ಲಿ, ಒಂದು ಊರಿನಿಂದ ಇನ್ನೊಂದಕ್ಕೆ ಸಾಗಿಸುವ ಆಂಬುಲೆನ್ಸಿನಲ್ಲಿ ಇದು ಹೆಚ್ಚು. ಚಡಚಣದಿಂದಲೋ ತಾಳಿಕೋಟೆಯಿಂದಲೋ ಹೊರಟ ಕೂಸು ವಿಜಯಪುರ ಮುಟ್ಟುವಷ್ಟರಲ್ಲಿ, ಅಲ್ಲಿಂದ ಸೊಲ್ಲಾಪುರಕ್ಕೋ ಬೆಳಗಾವಿಗೋ ಹೋಗುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ. ಕೂಸುಗಳನ್ನು ಒಯ್ಯುವ ವಾಹನಗಳಲ್ಲಿ ಬ್ಲೆಂಡರ್ ಮತ್ತು ಶಿಶು ಪ್ರೋಬ್ ಇವೆಯೇ ಎಂದು ದಯವಿಟ್ಟು ಪರಿಶೀಲಿಸಿ.

ಬಿಡುಗಡೆಯ ಹೊತ್ತಿಗೆ ಪ್ರತಿ ತೀವ್ರ ನಿಗಾ ಘಟಕ, ಸರಕಾರಿಯಿರಲಿ ಖಾಸಗಿಯಿರಲಿ, ಕೂಸಿನ ಆಮ್ಲಜನಕದ ಮಟ್ಟವನ್ನು ಎಚ್ಚರ, ನಿದ್ದೆ, ಹಾಲು ಕುಡಿಯುವ ಸಮಯ ಮೂರರಲ್ಲೂ ನೋಡಿ, ಬಿಪಿಡಿ ಇದ್ದರೆ ಅದನ್ನು ಕನ್ನಡದಲ್ಲಿ ಕಾರ್ಡಿನ ಮೇಲೆ ಬರೆದುಕೊಡುವಂತೆ ಆದೇಶಿಸಬೇಕು. ನಾನು ಹೇಳಿದ ಆ ಕೂಸು ಮುಂದೆ ಕೆಮ್ಮು ಬಂದು ಬೇರೆ ಆಸ್ಪತ್ರೆಗೆ ಹೋದಾಗ ಅಲ್ಲಿಯವರಿಗೆ ಅದರ ಹಿಂದಿನ ಕಥೆ ತಿಳಿಯಲಿಲ್ಲ; ಮಾಮೂಲಿ ನ್ಯುಮೋನಿಯಾ ಎಂದೇ ನೋಡಿದರು. ತಾಯಿಯ ಕೈಚೀಲದಲ್ಲಿ ಕಾಗದಗಳು ಇದ್ದವು, ಆದರೆ ಅವುಗಳಲ್ಲಿ ಬೇಕಾದ ಒಂದು ಸಾಲು ಎಲ್ಲಿದೆ ಎಂದು ಅವಳಿಗೆ ತೋರಿಸಿಕೊಟ್ಟವರಿರಲಿಲ್ಲ. ಕೂಸು ಪಾರಾಯಿತು, ಆದರೆ ಅದು ಪಾರಾದದ್ದು ಅವಳ ಹಟದಿಂದ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದವರೆಗಿನ ಅಸ್ವಸ್ಥ ಶಿಶುಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೂ ಸಾಗಣೆಯೂ ಉಚಿತ ಎಂಬುದನ್ನು ಕೂಡ ಅದೇ ಕಾರ್ಡಿನ ಮೇಲೆ ಅಚ್ಚು ಹಾಕಿಸಿ. ಎಷ್ಟೋ ಮನೆಗಳಿಗೆ ಅದು ಗೊತ್ತೇ ಇಲ್ಲ.

ಮುಂದಿನ ಜಿಲ್ಲಾ ಆರೋಗ್ಯ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ಕಾನ್ಸಂಟ್ರೇಟರ್‌ಗಳ ಪಟ್ಟಿ ಮತ್ತು ಎರವಲು ವ್ಯವಸ್ಥೆಯ ಬಗ್ಗೆ ಈ ಚಳಿಗಾಲಕ್ಕೆ ಮುನ್ನ ತೀರ್ಮಾನ ತೆಗೆದುಕೊಳ್ಳಬೇಕೆಂದು ವಿನಂತಿ. ತಾಯಂದಿರಿಗೆ ಯಂತ್ರ ಬಳಸಲು ಕಲಿಸುವುದಕ್ಕೆ, ಆಶಾ ಕಾರ್ಯಕರ್ತೆಯರಿಗೆ ಪ್ರೋಬ್ ಸುತ್ತುವುದನ್ನು ತೋರಿಸುವುದಕ್ಕೆ ನಾನೂ ನನ್ನಂತೆ ನಿವೃತ್ತರಾದ ಕೆಲವು ಶುಶ್ರೂಷಾಧಿಕಾರಿಗಳೂ ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ. ಯಾವ ತಾಲ್ಲೂಕಿಗೆ, ಯಾವ ದಿನ ಬರಬೇಕೆಂದು ತಿಳಿಸಿದರೆ ಸಾಕು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ, ನವಜಾತ ಶಿಶು ವಿಭಾಗ
ವಿಜಯಪುರ